ಕೆಲಸ ಕಲಿಯುವ ಹುಡುಗನ ಪಗಾರ ಯಾರು ಕೊಡಬೇಕು?

ಕೌಶಲ್ಯ ಅಭಿವೃದ್ಧಿ ಇಲಾಖೆ, ಕಾರ್ಮಿಕ ಇಲಾಖೆ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮಾನ್ಯ ಅಧಿಕಾರಿಗಳಿಗೆ, ಹಾಗೇ ಕಲಬುರಗಿ ಸೀಮೆಯಲ್ಲಿ ಮನೆ ಕಟ್ಟಿಸುತ್ತಿರುವ ಎಲ್ಲರಿಗೂ,

ನಮಸ್ಕಾರ.

ಹೋದ ತಿಂಗಳು ನನ್ನ ಬಡಿಗತನದ ಅಂಗಡಿಯಿಂದ ಒಬ್ಬ ಹುಡುಗ ಕೆಲಸ ಬಿಟ್ಟು ಹೋದ. ಹತ್ತೊಂಬತ್ತು ವರ್ಷ. ಚಿತ್ತಾಪುರ ಕಡೆಯ ಹಳ್ಳಿಯವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು, ಮತ್ತೆ ಪರೀಕ್ಷೆ ಕಟ್ಟಿರಲಿಲ್ಲ. ನನ್ನ ಹತ್ತಿರ ಏಳು ತಿಂಗಳು ಇದ್ದ. ಉಳಿ ಮಸೆಯುವುದು ಕೈಗೆ ಹತ್ತಬೇಕಾದರೆ ಹುಡುಗರಿಗೆ ಮೂರು ನಾಲ್ಕು ತಿಂಗಳು ಬೇಕು. ಇವನಿಗೆ ಇಪ್ಪತ್ತು ದಿನ ಸಾಕಾಯಿತು. ಮಸೆದ ಉಳಿಯನ್ನು ಮುಂಗೈ ಕೂದಲಿಗೆ ತಾಗಿಸಿ ನೋಡುತ್ತಿದ್ದ. ಸಮಾಧಾನ ಆಗದಿದ್ದರೆ ಯಾರೂ ಹೇಳದೆ ಮತ್ತೆ ಕಲ್ಲಿನ ಮುಂದೆ ಕೂರುತ್ತಿದ್ದ. ಇಂಥ ಕೈ ನಾನು ಕಂಡಿದ್ದು ಕಡಿಮೆ.

ಒಂದು ಸಂಜೆ ಕಟ್ಟಿಗೆ ಹೊಟ್ಟು ಗುಡಿಸಿ, ಚೀಲಕ್ಕೆ ತುಂಬಿಟ್ಟು, ಬಾಗಿಲ ಹತ್ತಿರ ನಿಂತ. "ಕಾಕಾ, ನಾಳಿಂದ ಬರಂಗಿಲ್ರಿ" ಅಂದ. ಹೈದರಾಬಾದಿಗೆ ಸೆಂಟ್ರಿಂಗ್ ಕೆಲಸಕ್ಕೆ ಊರಿನ ನಾಲ್ಕು ಜನರ ಜೊತೆ ಹೊರಟಿದ್ದ. ನಾನು ಅವನಿಗೆ ಕೊಡುತ್ತಿದ್ದದ್ದು ದಿನಕ್ಕೆ 300 ರೂಪಾಯಿ. ಅಲ್ಲಿ ತಗಡು ಹೊತ್ತರೆ 700. ಅವರ ಎರಡು ಎಕರೆ ತೊಗರಿ ನೆಟೆ ರೋಗಕ್ಕೆ ಒಣಗಿ ಹೋಗಿತ್ತು. ನಾನು ಯಾವ ಬಾಯಿಂದ ಅವನನ್ನು ನಿಲ್ಲು ಅನ್ನಲಿ? ಅವನ ಲೆಕ್ಕ ಚುಕ್ತಾ ಮಾಡಿ, ಮೇಲೆ ಒಂದು ಉಳಿ ಕೊಟ್ಟು ಕಳಿಸಿದೆ.

ಐದು ವರ್ಷದಲ್ಲಿ ಹೀಗೆ ಹೋದವರಲ್ಲಿ ಇವನು ಆರನೆಯವನು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೇಳುವುದು ಒಂದೇ. ಬಡಿಗತನ ಕಲಿಯುವ ಹುಡುಗನ ಮೊದಲ ಎರಡು ವರ್ಷಕ್ಕೆ ಒಂದು ಗೌರವದ ಪಗಾರ ಸಿಗುವ ಹಾಗೆ ಮಾಡಿ. ನಮ್ಮ ಸಣ್ಣ ಅಂಗಡಿಗಳನ್ನೂ ಕಲಿಸುವ ಜಾಗ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಿ.

"ನೀವೇ ಜಾಸ್ತಿ ಕೊಡಬಹುದಲ್ಲ" ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಅದಕ್ಕೆ ಅಂಗಡಿಯ ಲೆಕ್ಕ ಬಿಚ್ಚಿಡುತ್ತೇನೆ. ಅಂಗಡಿಯಲ್ಲಿ ನಾನು, ಇಬ್ಬರು ಕೆಲಸಗಾರರು, ಜೊತೆಗೆ ಕಲಿಯುವವನು ಒಬ್ಬ. ಬಾಗಿಲು, ಚೌಕಟ್ಟು, ಕಿಟಕಿಯ ಕೆಲಸವನ್ನು ಗುತ್ತಿಗೆ ಮೇಲೆ ಹಿಡಿಯುತ್ತೇವೆ. ಅಲಮಾರು, ಅಡುಗೆಮನೆಯ ಪ್ಲೈವುಡ್ ಕೆಲಸ ಚದರ ಅಡಿ ಲೆಕ್ಕ. ಎಷ್ಟು ದಿನ ಹಿಡಿದರೂ ಬರುವ ದುಡ್ಡು ಅಷ್ಟೇ. ಕಲಿಯುವ ಹುಡುಗ ಮೊದಲ ಆರು ತಿಂಗಳು ಕೆಲಸವನ್ನು ಬೇಗ ಮುಗಿಸುವುದಿಲ್ಲ, ನಿಧಾನ ಮಾಡುತ್ತಾನೆ. ಅವನಿಗೆ ತೋರಿಸಲು ನಾನು ರಂದಾ ಕೆಳಗಿಡಬೇಕು. ಅವನು ಹಾಳು ಮಾಡಿದ ಹಲಗೆಯ ದುಡ್ಡು ನಾನೇ ಕಟ್ಟಬೇಕು. ಮೇಲಿಂದ ಮನೆಯವರು ಕೊನೆಯ ಕಂತನ್ನು ಪಾಲಿಶ್ ಆಗಲಿ, ಗೃಹಪ್ರವೇಶ ಆಗಲಿ ಅಂತ ತಿಂಗಳುಗಟ್ಟಲೆ ಮುಂದೆ ಹಾಕುತ್ತಾರೆ. ಆ 300 ರೂಪಾಯಿಯನ್ನೂ ಎಷ್ಟೋ ಸಲ ನಾನು ಕೈಗಡ ತಂದು ಕೊಟ್ಟಿದ್ದೇನೆ.

ನಮ್ಮಪ್ಪನ ಕಾಲದಲ್ಲಿ ಈ ಪ್ರಶ್ನೆ ಬೇರೆ ಥರ ಬಗೆಹರಿಯುತ್ತಿತ್ತು. ಆಗ ಊರಲ್ಲಿ ಆಯ ಇತ್ತು. ಒಕ್ಕಲಿಗರ ಕುಂಟೆ, ಕೂರಿಗೆ, ಬಂಡಿ ನೋಡಿಕೊಂಡರೆ ರಾಶಿ ಕಾಲಕ್ಕೆ ಕಣದಲ್ಲೇ ಜೋಳ ಅಳೆದು ಕೊಡುತ್ತಿದ್ದರು. ಮಗ ಅಪ್ಪನ ಪಕ್ಕ ಕೂತು ಕಲಿಯುತ್ತಿದ್ದ. ಅವನ ಊಟ ಆ ಜೋಳದಲ್ಲೇ ಬರುತ್ತಿತ್ತು. ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆಯದ ಜೊತೆ ಮೇಲು ಕೀಳೂ ಇತ್ತು, ಬಡಿಗನ ಮಗ ಬಡಿಗನೇ ಆಗಬೇಕು ಅನ್ನುವ ಕಟ್ಟೂ ಇತ್ತು. ಟ್ರ್ಯಾಕ್ಟರ್ ಬಂತು, ಆಯ ಹೋಯಿತು. ನಾನು ಪಟ್ಟಣಕ್ಕೆ ಬಂದೆ. ಇಲ್ಲಿ ಪ್ಲೈವುಡ್ ಕೆಲಸ ಕಲಿಸಿದವರು ಒಬ್ಬ ಮುಸ್ಲಿಂ ಉಸ್ತಾದರು. ಮೂರು ವರ್ಷ ನನಗೆ ಅವರ ಮನೆಯಲ್ಲೇ ಊಟ. ಈಗ ನನ್ನ ಅಂಗಡಿಗೆ ಬರುವ ಹುಡುಗರು ಎಲ್ಲ ಜಾತಿಯವರು. ಅದು ಒಳ್ಳೆಯದೇ ಆಯಿತು. ಆದರೆ ಕಲಿಯುವಾಗ ಅವರ ಹೊಟ್ಟೆಗೆ ಯಾರು ನೋಡಬೇಕು ಅನ್ನುವುದು ಮಾತ್ರ ಹಾಗೇ ಉಳಿಯಿತು.

ಎರಡು ವರ್ಷ ಯಾಕೆ ಬೇಕು, ಮೊಳೆ ಹೊಡೆಯುವುದಕ್ಕೆ ಅಷ್ಟು ಕಾಲವಾ ಅಂತ ಕೇಳುವವರು ಇದ್ದಾರೆ. ಅವರಿಗೆ ಒಂದು ಚೌಕಟ್ಟಿನ ಕೆಲಸ ಹೇಳುತ್ತೇನೆ.

ಏಳಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲ ಚೌಕಟ್ಟು. ನಿಲುವು ಎರಡು, ಮೇಲೊಂದು, ಕೆಳಗೆ ಹೊಸ್ತಿಲು. ಒಟ್ಟು 21 ಅಡಿ ಉದ್ದದ ಕಟ್ಟಿಗೆ. ತುಂಡಿನ ಅಳತೆ 5 ಇಂಚು, 3 ಇಂಚು. 21ನ್ನು 5ರಿಂದ, ಮತ್ತೆ 3ರಿಂದ ಗುಣಿಸಿ, 144ರಿಂದ ಭಾಗಿಸಿದರೆ ಸುಮಾರು 2.19 ಘನ ಅಡಿ. ಕಟ್ಟಿಗೆ ಅಡ್ಡೆಯಲ್ಲಿ ದುಡ್ಡು ಕೊಡುವುದು ಈ ಲೆಕ್ಕದ ಮೇಲೆ. ಕೂಡುಮೂಲೆಯ ಬಾಯಿಗೆ, ರಂದಾಕ್ಕೆ ಎಷ್ಟು ಹೋಗುತ್ತದೆ ಅಂತ ಮೊದಲೇ ಸೇರಿಸಿಕೊಳ್ಳಬೇಕು. ಸೇರಿಸದಿದ್ದರೆ ಕಡಿಮೆ ಬೀಳುತ್ತದೆ. ಜಾಸ್ತಿ ತಂದರೆ ಸಾಗವಾನಿಯ ರೇಟಿನಲ್ಲಿ ಆ ದಿನದ ದುಡಿಮೆ ಹೋಯಿತು. ಗಣಿತದಲ್ಲಿ ಫೇಲಾದ ಆ ಹುಡುಗ ಈ ಲೆಕ್ಕವನ್ನು ಎರಡು ತಿಂಗಳಲ್ಲಿ ಬಾಯಲ್ಲೇ ಹಾಕುತ್ತಿದ್ದ. ಒಂದು ದಿನ ಅವನಿಗೆ ಮೂರು, ನಾಲ್ಕು, ಐದರ ಲೆಕ್ಕ ತೋರಿಸಿದೆ. ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕು, ಆ ಎರಡು ಗುರುತಿನ ನಡುವೆ ಸರಿಯಾಗಿ ಐದಡಿ ಬಂದರೆ ಮೂಲೆ ಗುಣ್ಯಾಕ್ಕಿದೆ, ಅಂದರೆ ಸರಿಯಾದ ಲಂಬಕೋನ ಇದೆ ಅಂದೆ. ಸ್ವಲ್ಪ ಹೊತ್ತು ಟೇಪು ಹಿಡಿದು ಸುಮ್ನೆ ನಿಂತ. "ಕಾಕಾ, ಇದು ಪೈಥಾಗೊರಸ್ ಅಲ್ವಾ? ಸಾಲಿಯೊಳಗ ಹಿಂಗ್ಯಾಕ ಹೇಳಲಿಲ್ಲ?" ಅಂದ. ಅವನ ಮುಖ ಆವತ್ತು ನೋಡಬೇಕಿತ್ತು ನೀವು.

ಲೆಕ್ಕಕ್ಕಿಂತ ಕಷ್ಟದ್ದು ಕಟ್ಟಿಗೆಯ ಗುಣ. ನಮ್ಮ ಬೇಸಿಗೆ ನಿಮಗೆ ಗೊತ್ತು. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ಕಟ್ಟಿಗೆಯೊಳಗಿನ ನೀರು ಹೋಗಿ ಹಲಗೆ ಕುಗ್ಗುತ್ತದೆ. ಮಳೆ ಹಿಡಿದರೆ ಅದೇ ಹಲಗೆ ಉಬ್ಬುತ್ತದೆ. ಉದ್ದಕ್ಕೆ ಅದು ಹೆಚ್ಚು ಕಡಿಮೆ ಆಗುವುದಿಲ್ಲ ಅಂದರೂ ನಡೆಯುತ್ತದೆ, ಆಗುವುದೆಲ್ಲ ಅಗಲಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಕೂರಿಸುವ ಬಾಗಿಲಿಗೆ ಸಂದು ಸ್ವಲ್ಪ ಜಾಸ್ತಿ ಬಿಡಬೇಕು. ಇಲ್ಲದಿದ್ದರೆ ಶ್ರಾವಣದಲ್ಲಿ ಬಾಗಿಲು ಹಿಡಿದುಕೊಳ್ಳುತ್ತದೆ, ಮನೆಯವರು ಒದ್ದು ತೆಗೆಯಬೇಕಾಗುತ್ತದೆ. ಮಳೆಗಾಲದಲ್ಲಿ ಕೂರಿಸಿದರೆ ಲೆಕ್ಕ ತಿರುವು ಮುರುವು. ಬಾಗಿಲ ನಡುವಿನ ಹಲಗೆಯನ್ನು ಗಾಡಿಯಲ್ಲಿ, ಅಂದರೆ ಸುತ್ತಲಿನ ಪಟ್ಟಿಯಲ್ಲಿ ಕೊರೆದ ತೋಡಿನಲ್ಲಿ, ಸಡಿಲವಾಗಿ ಕೂರಿಸಬೇಕು, ಅಂಟು ಹಾಕಬಾರದು, ಮೊಳೆ ಹೊಡೆಯಬಾರದು. ಬಿಗಿ ಮಾಡಿದರೆ ಎರಡೇ ವರ್ಷಕ್ಕೆ ಸೀಳುತ್ತದೆ. ಇದನ್ನು ಬಾಯಲ್ಲಿ ಹೇಳಲು ಐದು ನಿಮಿಷ ಸಾಕು. ಆದರೆ ಈ ಹಲಗೆ ಹಸಿ, ಆ ಹಲಗೆ ಒಣಗಿದೆ, ಇದು ಮುಂದೆ ತಿರುಚಿಕೊಳ್ಳುತ್ತದೆ ಅಂತ ಕೈಯಲ್ಲಿ ಹಿಡಿದ ಕೂಡಲೇ ತಿಳಿಯಬೇಕಾದರೆ ಎರಡು ಬೇಸಿಗೆ, ಎರಡು ಮಳೆಗಾಲ ಕಟ್ಟಿಗೆಯ ಜೊತೆ ಇರಬೇಕು. ನಾನು ಎರಡು ವರ್ಷ ಅನ್ನುವುದು ಇದಕ್ಕೇ.

ಈಗಾಗಲೇ ಯೋಜನೆಗಳು ಇವೆ ಅಲ್ವಾ ಅಂತ ನೀವು ಹೇಳುತ್ತೀರಿ. ಇವೆ. ಅವುಗಳಿಂದ ಉಪಯೋಗ ಪಡೆದವರೂ ಇದ್ದಾರೆ. 2023ರ ಸೆಪ್ಟೆಂಬರ್ 17ರಂದು, ನಮ್ಮ ಕಲ್ಯಾಣ ಕರ್ನಾಟಕದ ಉತ್ಸವದ ದಿನವೇ, ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಅದರಲ್ಲಿ 18 ಕಸುಬು, ಬಡಿಗತನವೂ ಒಂದು. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ, ಸಾಮಾನು ಕೊಳ್ಳಲು 15,000 ರೂಪಾಯಿ, ಕಡಿಮೆ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ನನಗೆ ಗೊತ್ತಿರುವ ಒಬ್ಬರು ಅದೇ ದುಡ್ಡಲ್ಲಿ ಡ್ರಿಲ್ಲು, ಕಟ್ಟರ್ ತಂದರು. ಆದರೆ ಇದು ಆಗಲೇ ಕೆಲಸ ಗೊತ್ತಿರುವವನಿಗೆ. ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ. ನಿನ್ನೆ ಮೊನ್ನೆ ಅಂಗಡಿಗೆ ಬಂದು ಹೊಟ್ಟು ಗುಡಿಸುವ ಹುಡುಗನಿಗೆ ಇದರಲ್ಲಿ ಜಾಗ ಇಲ್ಲ.

ಐಟಿಐಯಲ್ಲಿ ಕಾರ್ಪೆಂಟರ್ ಟ್ರೇಡ್ ಇದೆ, ಒಂದು ವರ್ಷದ್ದು. ಓದಿ ಬಂದ ಹುಡುಗರಿಗೆ ನಕ್ಷೆ ಓದಲು ಬರುತ್ತದೆ, ಅದು ದೊಡ್ಡ ವಿಷಯ. ಆದರೆ ದಿನದ ದುಡಿಮೆ ಬಿಟ್ಟು ಒಂದು ವರ್ಷ ಕ್ಲಾಸಿನಲ್ಲಿ ಕೂರುವುದು ಎಲ್ಲರ ಮನೆಗೂ ಆಗುವ ಮಾತಲ್ಲ.

ಹೆಚ್ಚು ಹತ್ತಿರ ಬರುವುದು 1961ರ ಅಪ್ರೆಂಟಿಸ್ ಕಾಯ್ದೆ. 2019ರ ನಿಯಮದ ಪ್ರಕಾರ ಹತ್ತನೇ ಕ್ಲಾಸಿಗಿಂತ ಕಡಿಮೆ ಓದಿದವನಿಗೂ ತಿಂಗಳಿಗೆ ಕನಿಷ್ಠ 5,000 ರೂಪಾಯಿ, ಹತ್ತನೇ ಕ್ಲಾಸ್ ಪಾಸಾದವನಿಗೆ 6,000 ಅಂತ ಬರೆದಿದ್ದಾರೆ. ಅದರಲ್ಲಿ ಕಾಲುಭಾಗ, ಅಂದರೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಇದನ್ನು ಓದಿದಾಗ ನನಗೆ ತುಂಬಾ ಆಸೆ ಹುಟ್ಟಿತು. ಮುಂದೆ ಓದಿದರೆ, ಅಪ್ರೆಂಟಿಸ್ ಇಟ್ಟುಕೊಳ್ಳಲು ಕನಿಷ್ಠ ನಾಲ್ಕು ಜನ ಕೆಲಸಗಾರರು ಇರಬೇಕು. ನನ್ನ ಅಂಗಡಿಯಲ್ಲಿ ಇರುವುದು ಇಬ್ಬರು. ನನಗೆ ಗೊತ್ತಿರುವ ಬಡಿಗರ ಅಂಗಡಿಗಳಲ್ಲಿ ನಾಲ್ಕು ಜನ ಕಾಯಂ ಕೆಲಸಗಾರರು ಇರುವುದು ಬೆರಳೆಣಿಕೆಯಷ್ಟು ಕಡೆ. ಕಲಿಸುವ ಕೈಗಳೆಲ್ಲ ಈ ಸಣ್ಣ ಅಂಗಡಿಗಳಲ್ಲೇ ಇವೆ, ಕಾಯ್ದೆ ಮಾತ್ರ ಇಲ್ಲಿವರೆಗೆ ಬರುವುದಿಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಪಕ್ಕದ ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಆ ಕಲೆ ಬೀದರಿನದೇ ಅಂತ ಹೇಳುವ ಜಿಐ ಗುರುತು ಅದಕ್ಕಿದೆ. ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕೈಕೆಲಸದವರಾದ ನಮಗೆಲ್ಲ ಹಬ್ಬ ಆದಂತಾಯಿತು. ಕರಕುಶಲ ಕಲೆಗಳನ್ನು ಗುರು ಶಿಷ್ಯ ಪದ್ಧತಿಯಲ್ಲಿ ಕಲಿಸಲು ಕೇಂದ್ರದಲ್ಲಿ ಯೋಜನೆಯೇ ಇದೆ. ಕಲಿಸುವವರಿಗೂ ದುಡ್ಡು, ಕಲಿಯುವವರಿಗೂ ದುಡ್ಡು. ಗುರುವಿನ ಪಕ್ಕ ಕೂತು ಕಲಿಯುವುದೂ ಕಲಿಕೆಯೇ ಅಂತ ಸರ್ಕಾರ ಅಲ್ಲಿ ಒಪ್ಪಿಕೊಂಡಿದೆ. ಹೂಜಿಯ ಮೇಲೆ ಬೆಳ್ಳಿ ಕೂರಿಸುವವನಿಗೆ ಒಪ್ಪಿದ್ದನ್ನು ಜನರ ಮನೆಗೆ ಬಾಗಿಲು ಮಾಡುವವನಿಗೂ ಒಪ್ಪಬೇಕು ಅನ್ನುವುದು ನನ್ನ ಮಾತು. ಬೀದರ್ ಕೋಟೆಯ ರಂಗೀನ್ ಮಹಲಿನ ಕಟ್ಟಿಗೆ ಕಂಬಗಳನ್ನು ಒಮ್ಮೆ ನೋಡಿದ್ದೆ. ಬರೀದ್ ಶಾಹಿಗಳ ಕಾಲದ ಕೆತ್ತನೆ ಈಗಲೂ ನಿಂತಿದೆ. ನಾನು ಕೆತ್ತನೆಗಿಂತ ಕೂಡುಮೂಲೆಗಳನ್ನೇ ಜಾಸ್ತಿ ಹೊತ್ತು ನೋಡಿದೆ. ಅವನ್ನು ಮಾಡಿದವರೂ ಯಾರದೋ ಪಕ್ಕದಲ್ಲಿ ಕೂತೇ ಕಲಿತಿರಬೇಕು.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ಬಗ್ಗೆಯೂ ಒಂದು ಮಾತು. ಅದು ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಡಾಕ್ಟರ್, ಎಂಜಿನಿಯರ್ ಸೀಟುಗಳು ಸಿಕ್ಕವು, ಸರ್ಕಾರಿ ನೌಕರಿಗಳೂ ಸಿಕ್ಕವು. ಸಂತೋಷ. ಆದರೆ ಆ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳ ಜೊತೆಗೇ ವೃತ್ತಿ ತರಬೇತಿ ಸಂಸ್ಥೆಗಳ ಹೆಸರೂ ಇದೆ. ಆ ಎರಡು ಪದಗಳ ಮೇಲೆ ನಮ್ಮ ಹುಡುಗರಿಗೂ ಹಕ್ಕಿದೆ. ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ರಸ್ತೆ, ಶಾಲೆ ಕೊಠಡಿ ಆಗಲಿ, ಬೇಕು. ಅದರಲ್ಲೇ ಒಂದು ಸಣ್ಣ ಪಾಲು ಕಲಿಯುವ ಕೈಗಳಿಗೂ ಇಡಿ.

ಹೇಗೆ ಮಾಡಬಹುದು ಅಂತ ನನಗೆ ತೋಚಿದ್ದು ಹೇಳುತ್ತೇನೆ. ಒಂದು ಬಡಾವಣೆಯ ನಾಲ್ಕೈದು ಅಂಗಡಿಗಳನ್ನು ಸೇರಿಸಿ ಒಂದು ಗುಂಪು ಅಂತ ಲೆಕ್ಕ ಹಿಡಿಯಿರಿ. ಆಗ ನಾಲ್ಕು ಜನರ ಷರತ್ತಿಗೆ ದಾರಿ ಸಿಗುತ್ತದೆ. ಹುಡುಗನ ಪಗಾರ ನೇರವಾಗಿ ಅವನ ಖಾತೆಗೇ ಹಾಕಿ, ನಮ್ಮ ಕೈಗೆ ಬೇಡ. ನಾವು ಈಗ ಕೊಡುವುದನ್ನು ಅದರ ಮೇಲೆ ಕೊಡುತ್ತೇವೆ. ವಾರಕ್ಕೆ ಒಂದು ದಿನ ಐಟಿಐ ವರ್ಕ್‌ಶಾಪಿಗೆ ಕಳಿಸುತ್ತೇವೆ, ನಕ್ಷೆ ಮತ್ತು ಮಷೀನು ಅವರು ಕಲಿಸಲಿ. ಎರಡು ವರ್ಷದ ಕೊನೆಗೆ ಅವನ ಕೈಗೆ ಕಟ್ಟಿಗೆ ಕೊಟ್ಟು ಚೌಕಟ್ಟು ಮಾಡಿಸಿ ಪರೀಕ್ಷೆ ಮಾಡಿ, ಪಾಸಾದರೆ ಪ್ರಮಾಣಪತ್ರ ಕೊಡಿ. ಕಲಿತವರನ್ನು ಪರೀಕ್ಷಿಸಿ ಪತ್ರ ಕೊಡುವ ಪದ್ಧತಿ ಈಗಲೂ ಇದೆ, ಹೊಸದೇನೂ ಹುಟ್ಟಿಸಬೇಕಿಲ್ಲ. ನಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಹೇಳದೆ ಕೇಳದೆ ಬಂದು ತಪಾಸಣೆ ಮಾಡಿ, ಹುಡುಗ ಏನು ಕಲಿತಿದ್ದಾನೆ ಅಂತ ಅವನನ್ನೇ ಕೇಳಿ. ಹುಡುಗಿಯರು ಬಂದರೆ ಅವರಿಗೂ ಇದೇ ಇರಲಿ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಮೈಕಾ ಅಂಟಿಸುವ ಕೆಲಸ ನೋಡಿಕೊಂಡೇ ಕಲಿತಿದ್ದಾಳೆ. ಅಂಚು ಎಷ್ಟು ಚೊಕ್ಕ ತೆಗೆಯುತ್ತಾಳೆ ಅಂದರೆ ನನ್ನ ಕೆಲಸಗಾರರೇ ನಿಂತು ನೋಡುತ್ತಾರೆ.

ಇನ್ನೊಂದು ವಿಷಯ ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಕಲಿಸುವುದನ್ನು ದಾಖಲೆಗೆ ತಂದರೆ ಕಾಪಾಡುವ ಜವಾಬ್ದಾರಿಯೂ ಬರುತ್ತದೆ. ಬರಬೇಕು. ನನ್ನ ಎಡಗೈಯ ಕಿರುಬೆರಳು ಅರ್ಧ ಇಲ್ಲ. ರಂದಾ ಮಷೀನಿನಲ್ಲಿ ಹೋಯಿತು. ನನಗಾಗ ಹದಿನೇಳು ವರ್ಷ. ಸಣ್ಣ ತುಂಡನ್ನು ಕೈಯಲ್ಲಿ ತಳ್ಳಬಾರದು, ಇನ್ನೊಂದು ಕಟ್ಟಿಗೆಯಿಂದ ತಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ. ಈಗಲೂ ಎಷ್ಟೋ ಕಡೆ ಗ್ರೈಂಡರಿನ ಗಾರ್ಡ್ ಬಿಚ್ಚಿ ಅದಕ್ಕೇ ಗರಗಸದ ಬ್ಲೇಡ್ ಹಾಕುತ್ತಾರೆ. ಅದು ಹಾರಿದರೆ ಕೈಗಲ್ಲ, ಕುತ್ತಿಗೆಗೇ ಬರುತ್ತದೆ. ಕಟ್ಟಿಗೆ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎಷ್ಟೋ ವರ್ಷಗಳ ಹಿಂದೆಯೇ ಹೇಳಿದೆ. ನಾವು ಇಲ್ಲಿ ಬಾಯಿಗೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡುತ್ತೇವೆ. ಹದಿನೆಂಟು ತುಂಬದವನನ್ನು ಮಷೀನಿನ ಮುಂದೆ ನಿಲ್ಲಿಸಬೇಡಿ ಅಂತ ನಮಗೆ ಷರತ್ತು ಹಾಕಿ. ಮಾಸ್ಕ್, ಕನ್ನಡಕ, ಗಾರ್ಡ್ ಇಲ್ಲದ ಅಂಗಡಿಗೆ ಕಲಿಯುವ ಹುಡುಗನನ್ನು ಕೊಡಬೇಡಿ. ನನ್ನ ಅಂಗಡಿಗೂ ಈ ಷರತ್ತು ಹಾಕಿ.

ಇನ್ನು ಮನೆ ಕಟ್ಟಿಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಎರಡು ಮಾತು.

ಚೌಕಟ್ಟು ನಿಲ್ಲಿಸುವ ದಿನ ನೀವು ನಮಗೆ ಕಾಯಿ, ಟವೆಲ್, ಟೊಪ್ಪಿಗೆ ಕೊಟ್ಟು ಮರ್ಯಾದೆ ಮಾಡುತ್ತೀರಿ. ಎಷ್ಟೋ ಮನೆಯವರು ಬುತ್ತಿ ತರಬೇಡ ಮೇಸ್ತ್ರಿ ಅಂತ ಹೇಳಿ, ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದ್ದಾರೆ. ಆ ಋಣ ನಮಗೆ ನೆನಪಿದೆ. ಅದರ ಜೊತೆ ಒಂದು ಸಹಿಯನ್ನೂ ಕೊಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬೇಕಾದರೆ ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ನಾವು ಒಬ್ಬರ ಮನೆಯಲ್ಲಿ ಹತ್ತು ದಿನ, ಇನ್ನೊಬ್ಬರ ಮನೆಯಲ್ಲಿ ಎಂಟು ದಿನ ಇರುವವರು. ಸಹಿ ಕೇಳಿದರೆ ಕೆಲವರು, ಮುಂದೆ ಏನಾದರೂ ತಕರಾರು ಬಂದೀತು ಅಂತ ಹಿಂದೆ ಸರಿಯುತ್ತಾರೆ. ಹೆದರಬೇಡಿ. 1996ರಲ್ಲಿ ಬಂದ ಕಾನೂನಿನ ಪ್ರಕಾರ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಅಂತ ಕಾರ್ಮಿಕರ ಹೆಸರಿನಲ್ಲಿ ಕೂಡುತ್ತಾ ಬಂದಿದೆ. ಆ ದುಡ್ಡು ನಿಮ್ಮ ಮನೆಯಲ್ಲಿ ದುಡಿದ ಮನುಷ್ಯನಿಗೆ, ಅವನ ಮಕ್ಕಳ ಓದಿಗೆ ತಲುಪುವುದು ಈ ದಾಖಲೆ ಇದ್ದರೆ ಮಾತ್ರ.

ಇನ್ನೊಂದು, ಕೊನೆಯ ಕಂತು. ಕೆಲಸದಲ್ಲಿ ಕೊರತೆ ಇದ್ದರೆ ತೋರಿಸಿ, ಸರಿ ಮಾಡಿಕೊಟ್ಟೇ ದುಡ್ಡು ತೆಗೆದುಕೊಳ್ಳುತ್ತೇವೆ. ಸರಿ ಇದ್ದರೆ ಅದೇ ವಾರ ಕೊಟ್ಟುಬಿಡಿ. ಅದು ತಡವಾದರೆ ಮೊದಲು ನಿಲ್ಲುವುದು ಕಲಿಯುವ ಹುಡುಗನ ಪಗಾರವೇ.

ಮಾನ್ಯ ಅಧಿಕಾರಿಗಳೇ, ಹೈದರಾಬಾದಿಗೆ ಹೋದ ಹುಡುಗ ಮೊನ್ನೆ ಫೋನ್ ಮಾಡಿದ್ದ. ಹದಿನಾಲ್ಕನೇ ಅಂತಸ್ತಿನಲ್ಲಿ ತಗಡು ಬಿಚ್ಚುತ್ತಿದ್ದಾನಂತೆ. ನಾನು ಕೊಟ್ಟ ಉಳಿ ಚೀಲದಲ್ಲೇ ಇದೆಯಂತೆ. "ಮಸೆದು ಇಟ್ಟೀನ್ರಿ ಕಾಕಾ, ತುಕ್ಕು ಹಿಡಿಯಾಕ ಬಿಟ್ಟಿಲ್ಲ" ಅಂದ. ದಿನಕ್ಕೆ 500 ಸಿಗುವ ಹಾಗಾದರೆ ಬರುತ್ತೀಯಾ ಅಂತ ಕೇಳಿದೆ. ಊರು ಹತ್ತಿರ ಆಗುತ್ತದೆ, ಬಾಡಿಗೆ ಉಳಿಯುತ್ತದೆ, ಬರುತ್ತೇನೆ ಅಂದ.

ಅವನು ಕೆಲಸ ಮಾಡುತ್ತಿದ್ದ ಬೆಂಚಿಗೆ ಇನ್ನೂ ಯಾರನ್ನೂ ಹಾಕಿಲ್ಲ. ನಿಮ್ಮಲ್ಲಿ ಯಾರಾದರೂ ಬಂದು ನಮ್ಮ ಕೆಲಸ ನೋಡುವುದಾದರೆ ಬೆಳಿಗ್ಗೆ ಹತ್ತರ ಒಳಗೆ ಬನ್ನಿ. ಆಮೇಲೆ ಮಷೀನಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅಮಾವಾಸ್ಯೆ ದಿನ ಬಿಟ್ಟು ಯಾವತ್ತಾದರೂ ಸರಿ, ಅಂಗಡಿ ತೆರೆದಿರುತ್ತದೆ.

ಇಂತಿ ನಿಮ್ಮವ,
ಆಳಂದ ರಸ್ತೆಯ ಒಬ್ಬ ಬಡಿಗ
ಕಲಬುರಗಿ